ಸೊಲ್ಲಿಗೆ ಬಿಟ್ಟ ಜಾಗ

ಇವತ್ತು ಬೆಳಿಗ್ಗೆ ಕ್ಲಾರಿನೆಟ್ಟಿನ ಪೆಟ್ಟಿಗೆ ತೆರೆದೆ. ತೆರೆದ ಕೂಡಲೇ ಒಂದು ವಾಸನೆ ಮೂಗಿಗೆ ಬರುತ್ತದೆ. ಹಳೆಯ ಮರ, ಕೀಲುಗಳಿಗೆ ಸವರಿದ ಕೊಬ್ಬರಿ ಎಣ್ಣೆ, ನುಸಿಗುಳಿಗೆ, ಇವುಗಳ ಜೊತೆಗೆ ಎಷ್ಟೋ ವರ್ಷಗಳಿಂದ ನಾನೇ ಅದರೊಳಗೆ ಊದಿದ ಉಸಿರು. ಊದಿದವನಿಗೆ ಅದು ಪರಿಮಳ. ನನ್ನ ಹೆಂಡತಿಗೆ ಮಾತ್ರ ‘ಹೋದ ವರ್ಷದ ಮದುವೆ ಮನೆ’ಯ ವಾಸನೆ. ಕಿಟಕಿ ತೆಗೆದು, ನನ್ನ ಕಡೆ ಒಮ್ಮೆ ನೋಡಿ, ಒಳಗೆ ಹೋದಳು.

ನ್ಯಾಯವಾಗಿ ನನಗೂ ಮದುವೆಗಳೇ ನೆನಪಾಗಬೇಕು. ಆದರೆ ಈಚೆಗೆ ಆ ಪೆಟ್ಟಿಗೆ ತೆರೆದಾಗಲೆಲ್ಲ ಕಣ್ಣ ಮುಂದೆ ಬರುವುದು ಕಂಪ್ಲಿಯ ಕೆಸರು ಗದ್ದೆ, ಅದರಲ್ಲಿ ಬೆನ್ನು ಬಾಗಿಸಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ನಾಟಿ ಹಾಕುವ ಹೆಂಗಸರ ಸಾಲು, ಸಾಲಿನ ನಡುವೆ ನನ್ನ ಅಕ್ಕ ಗಂಗಮ್ಮ. ಅಕ್ಕನ ಹಾಡೊಂದನ್ನು ಗದ್ದೆಯಿಂದ ಎತ್ತಿ ನಾಲ್ಕು ಊದುವ ವಾದ್ಯಗಳಿಗೆ ಕೂಡಿಸಲು ಹೋಗಿ ನಾನು ಪಟ್ಟ ಪಾಡನ್ನು ನಿಮಗೆ ಹೇಳಬೇಕು. ನಾನು ಹೇಳದಿದ್ದರೆ ನಮ್ಮ ಕೊಳಲಿನ ಆಚಾರ್ರು ಹೇಳುತ್ತಾರೆ. ಅವರ ಬಾಯಲ್ಲಿ ನಾನು ಇನ್ನಷ್ಟು ದಡ್ಡನಾಗಿರುತ್ತೇನೆ.

ಮೊದಲು ನನ್ನ ವಿಷಯ. ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತನಾದವನು. ಕಾಲುವೆ ಎಲ್ಲಿ ಹರಿಯಬೇಕು ಎಂದು ನಾನು ಕಾಗದದ ಮೇಲೆ ಗೆರೆ ಎಳೆಯುತ್ತಿದ್ದೆ. ನೀರು ತನಗೆ ತೋಚಿದಂತೆ ಹರಿಯುತ್ತಿತ್ತು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ. ರಜೆಯ ದಿನಗಳಲ್ಲಿ, ಲಗ್ನದ ಸುಗ್ಗಿಯಲ್ಲಿ, ಹೊಸಪೇಟೆ ಚಿತ್ತವಾಡ್ಗಿಯ ಹುಸೇನಪ್ಪನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದೆ. ಕೆಂಪು ಕೋಟು, ಹೆಗಲ ಮೇಲೆ ಜರಿಯ ಕುಚ್ಚು, ತಲೆಯ ಮೇಲೆ ಯಾರದೋ ಅಳತೆಗೆ ಹೊಲಿದ ಟೋಪಿ. ಒಮ್ಮೆ ನಮ್ಮ ಕಚೇರಿಯ ಇಂಜಿನಿಯರ್ ಸಾಹೇಬರ ಮಗಳ ಮದುವೆಗೇ ಊದಬೇಕಾಗಿ ಬಂತು. ಗುರುತು ಸಿಗದಿರಲಿ ಎಂದು ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡಿದ್ದೆ. ಮುಂದಿನ ಸೋಮವಾರ ಸಾಹೇಬರು ನಕ್ಷೆ ನೋಡುತ್ತ, ತಲೆ ಎತ್ತದೆಯೇ, "ಟೋಪಿ ಅಳತೀದು ತಗೊಳ್ರಿ" ಎಂದರು.

ನನಗೆ ಊದಲು ಕಲಿಸಿದವರು ಹುಸೇನಪ್ಪನ ತಂದೆ. ಅವರು ಹೇಳಿಕೊಟ್ಟ ಮೊದಲ ಪಾಠ ಸರಿಗಮ ಅಲ್ಲ, "ಖಾಲಿ ಬಿಡಬ್ಯಾಡ" ಎಂಬುದು. ಮೆರವಣಿಗೆಯಲ್ಲಿ ಬ್ಯಾಂಡು ಒಂದು ಗಳಿಗೆ ಸುಮ್ಮನಾದರೆ ಬೀಗರು ತಿರುಗಿ ನೋಡುತ್ತಾರೆ, ಕುಣಿಯುವವರು ಬೈಯುತ್ತಾರೆ, ಕುದುರೆಯ ಮೇಲೆ ಕೂತ ಮದುಮಗನಿಗೂ ಏನೋ ಅನಿಷ್ಟವಾಯಿತು ಅನಿಸುತ್ತದೆ. ಆದ್ದರಿಂದ ಒಬ್ಬ ಉಸಿರು ಎಳೆದುಕೊಳ್ಳುವಾಗ ಇನ್ನೊಬ್ಬ ಆ ಸಂದನ್ನು ತುಂಬಬೇಕು. ಇದಕ್ಕೆ ನಮ್ಮಲ್ಲಿ ‘ಭರ್ತಿ’ ಎನ್ನುತ್ತೇವೆ. ಭರ್ತಿ ಊದುವುದರಲ್ಲಿ ನಾವು ಗಟ್ಟಿಗರು. ಊದಿ ಊದಿ ಮಾತಿನಲ್ಲೂ ನನಗೆ ಅದೇ ಚಟ ಅಂಟಿಕೊಂಡಿದೆ. ಎದುರಿಗಿದ್ದವರು ಉಸಿರೆಳೆದರೆ ಸಾಕು, ಆ ಜಾಗದಲ್ಲಿ ನನ್ನದೊಂದು ಮಾತು ಬಂದು ಕೂತಿರುತ್ತದೆ. ನನ್ನನ್ನು ಕಟ್ಟಿಕೊಂಡವಳು ಇದನ್ನು ಹೇಗೆ ಸಹಿಸಿದಳೋ, ಕೇಳಬೇಕೆಂದರೆ ಅವಳಿಗೆ ಉತ್ತರ ಹೇಳಲು ನಾನು ಬಿಡುವುದಿಲ್ಲ.

ಆಮೇಲೆ ಊರಿಗೆ ಡಿ.ಜೆ. ಬಂತು. ಲಾರಿಯ ಮೇಲೆ ಪೆಟ್ಟಿಗೆ ಜೋಡಿಸಿ, ಎದೆ ಒಡೆಯುವ ಹಾಗೆ ಸದ್ದು ಮಾಡುವ ಆ ಯಂತ್ರದ ಮುಂದೆ ನಮ್ಮ ಕೋಟು, ಕುಚ್ಚು ಯಾವುದೂ ನಿಲ್ಲಲಿಲ್ಲ. ಡ್ರಮ್ಮಿನವರು ಡಿ.ಜೆ. ಹಿಂದೆಯೇ ಹೋದರು, ತುತ್ತೂರಿಯವರು ಆಟೋ ಓಡಿಸಲು ಹೋದರು. ಕೊನೆಗೆ ಉಳಿದವರು ನಾನು, ಎರಡನೇ ಕ್ಲಾರಿನೆಟ್ಟಿನ ಖಾಜಾ, ಸ್ಯಾಕ್ಸೋಫೋನಿನ ಹುಸೇನಪ್ಪ. ಬ್ಯಾಂಕಿನಿಂದ ನಿವೃತ್ತರಾದ ಆಚಾರ್ರು, ಮನೆಯಲ್ಲಿ ಕೊಳಲು ನುಡಿಸಿದರೆ ಸೊಸೆ ಬಾಗಿಲು ಹಾಕಿಕೊಳ್ಳುತ್ತಾಳೆಂದು ನಮ್ಮ ಜೊತೆ ಸೇರಿಕೊಂಡರು. ಸೇರಿದ ದಿನವೇ ತಕರಾರು ತೆಗೆದರು: "ನಾವೆಲ್ಲ ಮರದ ವಾದ್ಯದವರು. ಹುಸೇನಪ್ಪಂದು ಹಿತ್ತಾಳಿ. ಅದು ಹ್ಯಾಂಗ ಈ ಸಾಲಿನಾಗ ಬರ್ತದ?" ಹುಸೇನಪ್ಪ ಊದುಬಾಯಿಗೆ ಕಟ್ಟುವ ಕಡ್ಡಿಯ ಸೀಳನ್ನು, ತನ್ನ ರೀಡನ್ನು, ಬಾಯಿಂದ ತೆಗೆದು ತೋರಿಸಿದ. "ಮೈ ಹಿತ್ತಾಳಿ ಆದ್ರೂ ನಾಲಿಗಿ ಕಡ್ಡೀದ ಐತಿ ನೋಡ್ರಿ, ಆಚಾರ್ರ." ಮೊದಲ ದಿನದ ವಾದದಲ್ಲಿ ಹುಸೇನಪ್ಪ ಗೆದ್ದ. ಚಿತ್ತವಾಡ್ಗಿಯಲ್ಲಿ ಅವನ ಮನೆಯ ಅಂಗಳದಲ್ಲಿ ವಾರಕ್ಕೊಮ್ಮೆ ಕೂಡಿ ಊದುವುದು ನಮ್ಮ ರೂಢಿಯಾಯಿತು. ಕರೆಯುವವರು ಯಾರೂ ಇರಲಿಲ್ಲ.

ಈಗ ಅಕ್ಕನ ಕಡೆ ಬರುತ್ತೇನೆ. ಅವ್ವ ತೀರಿಕೊಂಡಾಗ ನಾನಿನ್ನೂ ಚಡ್ಡಿ ಎಳೆದುಕೊಳ್ಳುವ ಹುಡುಗ. ನನ್ನನ್ನು ಬೆಳೆಸಿದವಳು ಅಕ್ಕ. ಅವಳನ್ನು ಕಂಪ್ಲಿಗೆ ಕೊಟ್ಟ ಮೇಲೆ ನನ್ನ ಅರ್ಧ ಬಾಲ್ಯ ಕಂಪ್ಲಿಯಲ್ಲೇ ಕಳೆಯಿತು. ಅವಳು ಗದ್ದೆಗೆ ಹೋದರೆ ನಾನು ಬದುವಿನ ಮೇಲೆ ಕೂತಿರುತ್ತಿದ್ದೆ. ನಾಟಿಯಲ್ಲಿ ಅಕ್ಕನದೇ ಮುಂದಿನ ದನಿ, ಒಂದೊಂದು ನುಡಿಯನ್ನೂ ಶುರು ಮಾಡುವವಳು ಅವಳೇ. ಅವಳು ಹಾಡುತ್ತಿದ್ದುದು ಅಂಬಿಗರ ನೀಲವ್ವನ ಕಥೆ. ಹೊಳೆ ದಾಟಿಸುವ ಮುದುಕ ಅಂಬಿಗ ಹಾಸಿಗೆ ಹಿಡಿದಿದ್ದಾನೆ. ಆಚೆ ದಡದಲ್ಲಿ ಜನ ನಿಂತು ಕೂಗುತ್ತಾರೆ, ಈಚೆಯಿಂದ ಓಗೊಡುವವರಿಲ್ಲ. ಗಂಡನ ಮನೆಯಲ್ಲಿದ್ದ ಮಗಳು ನೀಲವ್ವನಿಗೆ ಸುದ್ದಿ ಮುಟ್ಟುತ್ತದೆ. ಅವಳು ಬಂದು, ಸೀರೆ ಎತ್ತಿ ಕಟ್ಟಿ, ಅಪ್ಪನ ಹುಟ್ಟು ಹಿಡಿದು, ತುಂಬಿದ ಹೊಳೆಗೆ ಹರಿಗೋಲು ಇಳಿಸುತ್ತಾಳೆ. ಅಕ್ಕ ಒಬ್ಬಳೇ ಎತ್ತಿ ಹೇಳುತ್ತಿದ್ದಳು:

ಆಚೀಯ ದಂಡ್ಯಾಗ ನಿಂತವರು ಯಾರಪ್ಪ
ಕೈ ಬೀಸಿ ನನ್ನ ಕರದಾರ

ಸಾಲಿನಲ್ಲಿದ್ದ ಉಳಿದವರೆಲ್ಲ ಸೇರಿ ಪ್ರತಿ ನುಡಿಯ ಕೊನೆಗೆ ಸೊಲ್ಲು ಹೇಳುತ್ತಿದ್ದರು: ‘ಬಂದೇನ ನಿಲ್ಲಪ್ಪೊ, ಬಂದೇನ.’

ಒಂದೊಂದು ನುಡಿಗೆ ಒಬ್ಬೊಬ್ಬರು ಹೊಳೆ ದಾಟುತ್ತಾರೆ. ಬಳೆಗಾರ, ಸೂಲಗಿತ್ತಿ, ಮುನಿಸಿಕೊಂಡು ತವರಿಗೆ ಹೊರಟ ಸೊಸೆ, ಅವಳನ್ನು ಕರೆಯಲು ಹಿಂದೆಯೇ ಬಂದ ಗಂಡ. ಈ ಹಾಡಿಗೆ ಕೊನೆ ಎಂಬುದಿಲ್ಲ. ಗದ್ದೆ ಮುಗಿದರೆ ಹಾಡು ಮುಗಿಯಿತು. ಗದ್ದೆ ದೊಡ್ಡದಿದ್ದು ದಾಟುವವರು ಸಾಲದೆ ಬಂದರೆ ಅಕ್ಕ ಬದುವಿನ ಮೇಲೆ ಹೋಗುವವರನ್ನೆಲ್ಲ ಹಿಡಿದು ಹರಿಗೋಲಿಗೆ ಹತ್ತಿಸುತ್ತಿದ್ದಳು. ನಾನು ಹೊಸದಾಗಿ ಕ್ಲಾರಿನೆಟ್ ಕಲಿಯುತ್ತಿದ್ದಾಗ ಪೆಟ್ಟಿಗೆ ಹಿಡಿದು ಅವಳನ್ನು ನೋಡಲು ಹೋದರೆ, ದೂರದಿಂದಲೇ ನನ್ನನ್ನೂ ಸೇರಿಸಿಬಿಟ್ಟಳು:

ಪೆಟಗೀಯ ಹೊತ್ತಾನ ಪೀಪಿ ಊದುವ ತಮ್ಮ
ಹೊಳಿ ಕಂಡು ಕಾಲು ನಡಗ್ಯಾವ

ಇಡೀ ಗದ್ದೆ ನಕ್ಕಿತು. ನಗುತ್ತಲೇ ಸೊಲ್ಲು ಹೇಳಿತು.

ಆ ಸೊಲ್ಲಿಗೆ ಒಂದು ಕಟ್ಟಳೆ ಇತ್ತು. ಮುಂದಿನ ದನಿ ಹೇಳಿದ್ದು ಮನಸ್ಸಿಗೆ ಒಪ್ಪಿದರೆ ಹಿಂದಿನವರು ಅದನ್ನು ‘ಎತ್ತಿಕೊಳ್ಳುತ್ತಾರೆ’, ಎಂದರೆ ಸೊಲ್ಲು ಹೇಳುತ್ತಾರೆ. ಒಪ್ಪದಿದ್ದರೆ ಎತ್ತಿಕೊಳ್ಳುವುದಿಲ್ಲ. ಬೈಗುಳವಿಲ್ಲ, ಟೀಕೆಯಿಲ್ಲ. ಕೆಸರಿನಲ್ಲಿ ಸಸಿ ಊರುವ ಪಚಪಚ ಸದ್ದು ಮಾತ್ರ ಕೇಳುತ್ತದೆ. ಹೊಸದಾಗಿ ಬಂದ ಸೊಸೆಯೊಬ್ಬಳು ಒಂದು ದಿನ ಆಸೆಪಟ್ಟು ಮುಂದಿನ ದನಿ ಹಿಡಿದಳು. ಯಾರೂ ಎತ್ತಿಕೊಳ್ಳಲಿಲ್ಲ. ಆ ಹುಡುಗಿಯ ಮುಖ ಕಿವಿಯವರೆಗೆ ಕೆಂಪಾದದ್ದನ್ನು ಬದುವಿನ ಮೇಲಿನಿಂದ ನೋಡಿದ್ದೇನೆ. ಮುಂದಿನ ನುಡಿಯನ್ನು ಅಕ್ಕ ಮೆಲ್ಲಗೆ ಅವಳ ಜೊತೆ ಸೇರಿ ಹೇಳಿದಳು, ಆಗ ಎಲ್ಲರೂ ಎತ್ತಿಕೊಂಡರು. ಚಪ್ಪಾಳೆ ಎಂಬುದು ಅವರ ಲೆಕ್ಕದಲ್ಲಿ ಶಾಲೆಯ ಮಕ್ಕಳಿಗೆ ಮತ್ತು ಭಾಷಣ ಮಾಡುವವರಿಗೆ.

ಮೂರು ವರ್ಷದ ಹಿಂದೆ ಅಕ್ಕನ ಗಂಟಲಲ್ಲಿ ಗಂಟು ಬೆಳೆಯಿತು. ತೆಗೆಸಲೇಬೇಕಿತ್ತು. ದನಿ ಮೊದಲಿನಂತೆ ಬರುವುದು ಕಷ್ಟ ಎಂದು ವೈದ್ಯರು ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ದನಿಯ ಜಾಗದಲ್ಲಿ ಗಾಳಿ ಉಳಿಯಿತು. ಅವಳ ಮಾತು ಕೇಳಬೇಕಾದರೆ ಬಾಯಿಯ ಹತ್ತಿರ ಕಿವಿ ಒಯ್ಯಬೇಕು. ಆ ಸಲದ ನಾಟಿಯಲ್ಲಿ ಹೆಂಗಸರು ಹಾಡಲಿಲ್ಲ. ಯಾರದೋ ಸೊಂಟಕ್ಕೆ ಸಿಕ್ಕಿಸಿದ ಮೊಬೈಲಿನಲ್ಲಿ ಸಿನಿಮಾ ಹಾಡು ಕೇಳುತ್ತ ಕೆಲಸ ಮುಗಿಸಿದರು. ಅಕ್ಕ ಗದ್ದೆಗೆ ಹೋಗುವುದನ್ನು ಬಿಟ್ಟಳು. ನಂತರ ಮದುವೆ, ಮುಂಜಿ, ಪಕ್ಕದ ಮನೆಯ ಕಟ್ಟೆ, ಎಲ್ಲವನ್ನೂ ಬಿಟ್ಟಳು. ಯಾರಾದರೂ ಬಂದರೆ ಒಳಮನೆಗೆ ಹೋಗಿ ಏನೋ ಹುಡುಕುತ್ತ ನಿಲ್ಲುತ್ತಿದ್ದಳು. ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವಳು ಹೀಗೆ ಗೋಡೆಯ ಕಡೆ ಮುಖ ಮಾಡಿದ್ದಳು.

ಒಂದು ದಿನ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು: "ತಮ್ಮಾ, ನನ್ನ ದನಿ ಹೋತು, ಹೋಗ್ಲಿ. ನೀಲವ್ವ ಹೋಗೋದು ಬ್ಯಾಡ. ನಿನ್ನ ಪೀಪಿನ್ಯಾಗ ಕೂಡಸು."

"ಕೂಡಸ್ತೀನಿ ಬಿಡಕ್ಕ, ಅದೇನ್ ದೊಡ್ಡದು" ಎಂದೆ. ನನ್ನ ಆ ‘ಅದೇನ್ ದೊಡ್ಡದು’ ಎಂಬ ಮಾತನ್ನು ನೀವು ಗಮನಿಸಿರಬಹುದು.

ಕೆಲಸ ಶುರು ಮಾಡಿದೆ. ಹಾಡು ನನಗೆ ಎದೆಯಲ್ಲೇ ಇತ್ತು. ಮರೆತ ಕಡೆ ಅಕ್ಕ ಕೈಯಾಡಿಸಿ ಏರಿಳಿತ ತೋರಿಸುತ್ತಿದ್ದಳು, ತಪ್ಪಿದರೆ ನನ್ನ ಮೊಣಕಾಲಿಗೆ ಒಂದು ಏಟು. ಧಾಟಿ ಸರಿಯಾಯಿತು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಾನು ನಕ್ಷೆ ಬರೆಯುವವನಲ್ಲವೇ, ಖಾಲಿ ಕಾಗದ ಕಂಡರೆ ಕೈ ಸುಮ್ಮನಿರುವುದಿಲ್ಲ. ಅಕ್ಕನ ಮುಂದಿನ ದನಿ ನನ್ನ ಕ್ಲಾರಿನೆಟ್ಟಿಗೆ. ಅದರ ಜೊತೆಜೊತೆಗೇ ಒಂದು ಮೆಟ್ಟಿಲು ಕೆಳಗೆ ಖಾಜಾ. ಹೊಳೆಯ ತೆರೆಗಳಿಗೆ ಆಚಾರ್ರ ಕೊಳಲು. ಸೊಲ್ಲಿಗೆ ಹುಸೇನಪ್ಪನ ಸ್ಯಾಕ್ಸೋಫೋನು, ಅದೂ ಬರೀ ಸೊಲ್ಲಲ್ಲ, ಕೊನೆಯಲ್ಲಿ ಮದುಮಗ ಮಂಟಪ ಮುಟ್ಟಿದಾಗ ಹೊಡೆಯುವಂಥ ಒಂದು ತಿರುವು. ಉಸಿರು ತೆಗೆಯುವ ಸಂದಿಗೆಲ್ಲ ಭರ್ತಿ. ಒಂದು ಸಾಸಿವೆ ಕಾಳು ಹಾಕಲು ಜಾಗವಿರಲಿಲ್ಲ.

ಆಚಾರ್ರು ಒಂದೇ ಒಂದು ಪ್ರಶ್ನೆ ಕೇಳಿದರು. "ಅಲ್ರೀ, ಇದು ಕಥಿ ಹಾಡು. ಮಾತಿಲ್ಲದ ಊದಿದ್ರ ಯಾರು ದಾಟಿದ್ರು, ಯಾರು ಬಿಟ್ರು ಅಂತ ಕೇಳೋರಿಗೆ ಹ್ಯಾಂಗ ತಿಳೀಬೇಕು?"

"ತಿಳೀತೈತಿ ಬಿಡ್ರಿ" ಎಂದೆ. ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ಅವರು ಮತ್ತೆ ಬಾಯಿ ತೆರೆಯುವ ಮೊದಲೇ ಊದಲು ಶುರು ಮಾಡಿದೆ.

ನಾಟಿ ಮುಗಿದ ಮೇಲೆ ಅಕ್ಕನ ಓಣಿಯ ಹೆಂಗಸರು ಒಂದು ಸಂಜೆ ಕೂಡಿ ಊಟ ಮಾಡುವ ಪದ್ಧತಿ ಇದೆ. ಆ ಸಂಜೆ ನಾವು ನಾಲ್ವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಿಂತು ಊದಿದೆವು. ಬಹಳ ಹೇಳಿದ ಮೇಲೆ ಅಕ್ಕ ಬಂದು, ಸೆರಗು ಬಾಯಿಗೆ ಹಿಡಿದು, ಕಂಬದ ಹಿಂದೆ ಕೂತಿದ್ದಳು. ಒಂದೂ ತಪ್ಪಲಿಲ್ಲ. ಆಚಾರ್ರ ತೆರೆಗಳು ಉಕ್ಕಿದವು, ಹುಸೇನಪ್ಪನ ತಿರುವು ಗುಡಿಯ ಗಂಟೆಗೆ ತಗುಲಿತು. ಮುಗಿದ ಕೂಡಲೇ ಜೋರಾಗಿ ಚಪ್ಪಾಳೆ ಬಿತ್ತು.

ಹುಸೇನಪ್ಪ ಹಿಗ್ಗಿ ಕೈಮುಗಿದ. ನಾನು ಕ್ಲಾರಿನೆಟ್ ಇಳಿಸಿ ಹೆಂಗಸರ ಮುಖ ನೋಡಿದೆ. ಅಕ್ಕನ ಜೊತೆ ಎಷ್ಟೋ ನಾಟಿಗಳಲ್ಲಿ ಸೊಲ್ಲು ಹೇಳಿದ್ದ ಯಂಕಮ್ಮ ಎದ್ದು ಬಂದು, "ಮಸ್ತ್ ಊದಿದ್ರಪಾ. ಮದಿವಿ ಮನ್ಯಾಗ ಕುಂತಂಗಾತು" ಎಂದಳು. ಒಬ್ಬಳಾದರೂ ಸೊಲ್ಲು ಹೇಳಿರಲಿಲ್ಲ. ಎಲ್ಲರೂ ಕೈಕಟ್ಟಿ ಕೂತು ಕೇಳಿದ್ದರು, ಸಭೆಯಲ್ಲಿ ಕೇಳಿದ ಹಾಗೆ. ಅಕ್ಕನ ಹತ್ತಿರ ಹೋದೆ. ಅವಳು ನನ್ನ ಮುಖ ನೋಡದೆ, "ಚೊಲೊ ಐತಿ" ಎಂದಳು. ಅವಳ ಬಾಯಲ್ಲಿ ಬೈಗುಳ ಕೇಳಿ ಬೆಳೆದವನು ನಾನು. ಈ ‘ಚೊಲೊ ಐತಿ’ಯನ್ನು ತಡೆದುಕೊಳ್ಳಲು ಆಗಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಹುಸೇನಪ್ಪ, "ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ. ಅವ್ರಿಗೆ ಎತ್ತಿಕೊಳ್ಳಾಕ ಬರದಿದ್ರ ನಮ್ದೇನು ತಪ್ಪು?" ಎಂದ. ಬ್ಯಾಂಡಿನವರು ಮೀಸೆಗೆ ಮಣ್ಣು ಹತ್ತಿಸಿಕೊಳ್ಳುವವರಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ನೀಲವ್ವನನ್ನು ಉಳಿಸು ಎಂದು ಕೊಟ್ಟರೆ, ಕೋಟು ಟೋಪಿ ಹಾಕಿ ಮೆರವಣಿಗೆ ಮಾಡಿಬಿಟ್ಟೆನಲ್ಲ ಎಂದು ಅಳು ಬರುತ್ತಿತ್ತು.

ಅದಾದ ಮೇಲೆ ಕೆಲವು ವಾರ ನಾವು ಆ ಹಾಡಿನ ಸುದ್ದಿ ಎತ್ತಲಿಲ್ಲ. ಮತ್ತೆ ಹಿಡಿದದ್ದು ಖಾಜಾನ ಒತ್ತಾಯಕ್ಕೆ. ಆ ವಾರವೇ ಹುಸೇನಪ್ಪ ಹಲ್ಲು ಕೀಳಿಸಿಕೊಂಡಿದ್ದ. ಸ್ಯಾಕ್ಸೋಫೋನು ಊದುವವನ ಮುಂದಿನ ಹಲ್ಲು ಎಂದರೆ ಸಾಮಾನ್ಯವೇ? ಬಾಯಿಯ ತುಂಬ ಹತ್ತಿ ಇಟ್ಟುಕೊಂಡು, ಕೆನ್ನೆ ಊದಿಸಿಕೊಂಡು, ಯಜಮಾನನ ಖುರ್ಚಿಯಲ್ಲಿ ಕೂತು ಕೈಸನ್ನೆಯಲ್ಲಿ ತಾಳ ಹಾಕುತ್ತಿದ್ದ. ಉಳಿದ ನಾವು ಮೂವರು ಊದಿದೆವು. ಮುಂದಿನ ದನಿ ಮುಗಿಯಿತು. ಸೊಲ್ಲಿನ ಜಾಗ ಬಂತು. ಸ್ಯಾಕ್ಸೋಫೋನಿಲ್ಲ, ಅಂಗಳ ಬಿಕೋ ಎಂದಿತು. ಆಗ ಮೂಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದ ಹುಸೇನಪ್ಪನ ತಾಯಿ, ತಲೆ ಎತ್ತದೆ, ಕೈ ನಿಲ್ಲಿಸದೆ, ‘ಬಂದೇನ ನಿಲ್ಲಪ್ಪೊ, ಬಂದೇನ’ ಎಂದಳು.

ನಾವು ಊದುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದೆವು. ಮುದುಕಿಗೆ ನಾಚಿಕೆಯಾಯಿತು.

"ಬೇ, ನಿನಗೂ ಈ ಹಾಡು ಬರ್ತೈತೇನು?" ಎಂದೆ.

"ಸಣ್ಣಾಕಿದ್ದಾಗ ನಾಟಿ ಹಾಕೀವಲ್ಲಪಾ. ನೀವು ಹಂಗ ಕರದು ಸುಮ್ನಾಗಿಬಿಟ್ರ, ಯಾರಾರ ಓ ಅನ್ನಬೇಕಲ್ಲ. ಕರದವ್ರನ್ನ ದಂಡ್ಯಾಗ ನಿಂದ್ರಿಸಾಕ ಆಕ್ಕೈತೇನು?"

ಅವಳು ಮತ್ತೆ ಅಕ್ಕಿಗೆ ಕೈ ಹಾಕಿದಳು. ಎಷ್ಟೋ ತಿಂಗಳಿಂದ ಅದೇ ಅಂಗಳದಲ್ಲಿ ನಾವು ಅದೇ ಹಾಡು ಊದಿದ್ದೆವು. ಮುದುಕಿ ಅದೇ ಮೂಲೆಯಲ್ಲಿ ಕೂತಿದ್ದಳು. ಒಂದು ದಿನವೂ ಬಾಯಿ ತೆರೆದಿರಲಿಲ್ಲ. ಅವಳ ಪಾಲಿನ ಕೆಲಸವನ್ನು ಅವಳ ಮಗನೇ ಸ್ಯಾಕ್ಸೋಫೋನಿನಲ್ಲಿ ಮಾಡಿ ಮುಗಿಸುತ್ತಿದ್ದ. ಕಂಪ್ಲಿಯಲ್ಲೂ ಆದದ್ದು ಇಷ್ಟೇ. ಹಾಡನ್ನು ತಪ್ಪಾಗಿ ಊದಿದ್ದೆವೆಂದು ಹೆಂಗಸರು ಸುಮ್ಮನಿದ್ದದ್ದಲ್ಲ. ಅವರಿಗೆ ಬಾಯಿ ಹಾಕಲು ಜಾಗವನ್ನೇ ಬಿಟ್ಟಿರಲಿಲ್ಲ. ಚಪ್ಪಾಳೆ ತಟ್ಟದೆ ಅವರು ಇನ್ನೇನು ಮಾಡಬೇಕಿತ್ತು!

"ಸೊಲ್ಲು ತಗದುಬಿಡೂಣು" ಎಂದೆ. ಹುಸೇನಪ್ಪ ಹತ್ತಿಯನ್ನು ಉಗುಳಿ ಎದ್ದು ನಿಂತ. ಅವನ ಮಾತಿನಲ್ಲಿ ಅರ್ಧ ಅಕ್ಷರ ಹಲ್ಲಿನ ಜೊತೆಗೇ ಹೋಗಿದ್ದವು, ಸಿಟ್ಟು ಮಾತ್ರ ಪೂರ್ತಿ ಇತ್ತು. "ನಂದ ಬ್ಯಾಂಡು, ನನ್ನ ಬಾಯಿಗೇ ಬೀಗ ಹಾಕ್ತೀಯೇನ್ಲೇ? ನಮ್ಮಪ್ಪ ಏನ್ ಕಲಿಸ್ಯಾನ? ಖಾಲಿ ಬಿಡಬ್ಯಾಡ ಅಂತ ಕಲಿಸ್ಯಾನಿಲ್ಲ?" ಉತ್ತರ ಕೊಟ್ಟವಳು ಅವನ ತಾಯಿ. "ನಿಮ್ಮಪ್ಪ ಮನ್ಯಾಗೂ ಖಾಲಿ ಬಿಡಲಿಲ್ಲೋ ಮಾರಾಯ. ನಾ ಎರಡು ಮಾತು ಆಡಾಕ ಆಗ್ಲಿಲ್ಲ" ಎಂದಳು. ಆಚಾರ್ರು ಕೊಳಲಿನ ಹಿಂದೆ ಮುಖ ಮರೆಸಿಕೊಂಡು ನಕ್ಕರು. ನಾನು ನಗಲಿಲ್ಲ. ಆ ಮಾತು ನನ್ನ ಮನೆಯವರೆಗೂ ಬಂದು ಬಾಗಿಲು ತಟ್ಟಿತ್ತು.

ಕೊನೆಗೆ ಹುಸೇನಪ್ಪ ಒಪ್ಪಿದ. ಮುಂದಿನ ದನಿಯ ಕೆಳಗೆ ಉದ್ದಕ್ಕೂ ಒಂದೇ ಮಂದ್ರ ಸ್ವರ ಹಿಡಿಯುವುದು ಅವನ ಕೆಲಸವಾಯಿತು. ಭರ್ತಿಗಳನ್ನೆಲ್ಲ ಕಿತ್ತು ಹಾಕಿದೆ. ಕಾಗದದ ಮೇಲೆ ಅದು ಸುಲಭ. ಊದುವಾಗ ಸುಮ್ಮನಿರುವುದಿದೆಯಲ್ಲ, ಅದು ಯಾರಿಂದಲೂ ಆಗಲಿಲ್ಲ. ಸೊಲ್ಲಿನ ಜಾಗ ಬಂದರೆ ಖಾಜಾನ ಬೆರಳು ತಾನಾಗಿಯೇ ಓಡುತ್ತಿತ್ತು. ಅವನನ್ನು ಬೈದು ನೋಡಿದರೆ ನಾನೇ ಏನೋ ಊದುತ್ತಿರುತ್ತಿದ್ದೆ. ಬಾಯಿಗೆ ಕೆಲಸವಿಲ್ಲದಾಗ ಕಾಲಿಗಾದರೂ ಕೆಲಸ ಬೇಕು ಎನಿಸಿ, ಗದ್ದೆಯ ಹೆಂಗಸರನ್ನು ನೆನೆದು, ಸೊಲ್ಲಿನ ಜಾಗದಲ್ಲಿ ವಾದ್ಯ ಕೆಳಗಿಳಿಸಿ ನಾಲ್ವರೂ ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕು ಎಂದು ಮಾಡಿದೆ. ಜನ್ಮವಿಡೀ ಮೆರವಣಿಗೆಯ ಮುಂದೆ ಮುಂದೆ ನಡೆದವರು ಹಿಂದಕ್ಕೆ ನಡೆಯುವುದೆಂದರೆ! ಹುಸೇನಪ್ಪ ನೀರಿನ ಡ್ರಮ್ಮಿಗೆ ಢಿಕ್ಕಿ ಹೊಡೆದ. ಆಚಾರ್ರ ಧೋತರದ ಅಂಚು ಸೈಕಲ್ಲಿನ ಚೈನಿಗೆ ಸಿಕ್ಕಿತು. ಆದರೆ ಉಪಾಯ ಫಲಿಸಿತು. ಕಾಲು ಹಿಂದೆ ಹೋಗುವಾಗ ಬಾಯಿಗೆ ಊದಬೇಕೆಂಬುದು ಮರೆಯುತ್ತದೆ.

ಆ ವರ್ಷ ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬ ಗುಸುಗುಸು ಸಂಕ್ರಾಂತಿಯವರೆಗೂ ಇತ್ತು. ನಿವೃತ್ತನಾದ ಮೇಲೂ ನಾನು ಡ್ಯಾಮಿನ ನೀರಿನ ಮಟ್ಟ ವಿಚಾರಿಸಲು ಹಳೆಯ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೆ. ನೀರು ಬಿಟ್ಟರೆ ನಾಟಿ, ನಾಟಿಯಾದರೆ ಊಟ, ಊಟವಾದರೆ ಆ ಕಟ್ಟೆ. ನನ್ನ ಇಡೀ ನೌಕರಿಯಲ್ಲಿ ನೀರಿಗಾಗಿ ಅಷ್ಟು ಕಾತರಿಸಿದವನಲ್ಲ. ಕಾಲುವೆಗೆ ನೀರು ಬಂತು.

ಮತ್ತೆ ಅದೇ ಓಣಿ, ಅದೇ ಸಂಜೆಯ ಹೊತ್ತು. ಅಕ್ಕ ಬರುವುದಿಲ್ಲ ಎಂದಳು. "ಚೊಲೊ ಊದ್ತೀರಿ ಬಿಡು, ಮನ್ಯಾಗಿಂದ ಕೇಳಸ್ತೈತಿ." ಯಂಕಮ್ಮ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಈ ಸಲ ನಾವು ಕಟ್ಟೆ ಹತ್ತಲಿಲ್ಲ, ಹೆಂಗಸರ ಎದುರಿಗೆ ನೆಲದ ಮೇಲೇ ನಿಂತೆವು. ಕಟ್ಟೆಯ ಮೇಲಿನಿಂದ ಹಿಂದಕ್ಕೆ ಹೆಜ್ಜೆ ಇಟ್ಟರೆ ಏನಾಗುತ್ತದೆಂದು ಆಚಾರ್ರು ಮೊದಲೇ ಎಚ್ಚರಿಸಿದ್ದರು.

ಮೊದಲ ನುಡಿ ಊದಿದೆ. ವಾದ್ಯ ಇಳಿಸಿದೆವು, ಹಿಂದಕ್ಕೆ ಸರಿದೆವು. ಯಾರೂ ಮಾತಾಡಲಿಲ್ಲ. ಕೆಟ್ಟುಹೋಯಿತೇನೋ ಎಂದು ಕೆಲವರು ನಮ್ಮನ್ನೇ ನೋಡಿದರು. ಎರಡನೆಯ ನುಡಿ. ಮತ್ತೆ ಮೌನ. ಆ ಮೌನದಲ್ಲಿ ಖಾಜಾನ ಬೆರಳು ಕೀಲುಗಳ ಮೇಲೆ ಓಡುವುದು ನನಗೆ ಕಾಣುತ್ತಿತ್ತು. ನನ್ನ ತುಟಿಯೂ ರೀಡಿನ ಕಡೆ ಎಳೆಯುತ್ತಿತ್ತು. ಇಷ್ಟು ಜನರ ಮುಂದೆ ಖಾಲಿ ಬಿಟ್ಟು ನಿಂತ ನಾಚಿಕೆಯನ್ನು ಬ್ಯಾಂಡಿನವರಲ್ಲದ ನಿಮಗೆ ಹೇಳಿ ತಿಳಿಸಲಾರೆ. ಮೂರನೆಯ ನುಡಿಯ ಕೊನೆಯಲ್ಲಿ ಹಿಂದಿನ ಸಾಲಿನಿಂದ ಯಂಕಮ್ಮನ ಒಡಕು ದನಿ ಬಂತು. ‘ಬಂದೇನ ನಿಲ್ಲಪ್ಪೊ.’ ಅವಳ ಪಕ್ಕದವಳು ಉಳಿದದ್ದನ್ನು ಮುಗಿಸಿದಳು. ನಾಲ್ಕನೆಯದಕ್ಕೆ ಇಡೀ ಓಣಿ ಎತ್ತಿಕೊಂಡಿತು.

ಆಮೇಲೆ ನಾವು ಊದಿದೆವೋ ಅವರು ಊದಿಸಿದರೋ ಗೊತ್ತಿಲ್ಲ. ನಿಲ್ಲಿಸಲು ಹೋದರೆ ಬಿಡಲಿಲ್ಲ. ಉಸಿರು ಸಾಕಾಗಿ ಕೈಸೋತು ನಾನೇ ಕೂತುಬಿಟ್ಟೆ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಕೂಡಲೇ ಅವರೊಳಗೇ ಜಗಳ ಶುರುವಾಯಿತು. ಐದನೆಯ ನುಡಿಯಲ್ಲಿ ದಾಟಿದವನು ಬಳೆಗಾರ ಎಂದು ಒಬ್ಬಳು, ಅಲ್ಲವೇ ಅಲ್ಲ ಸೂಲಗಿತ್ತಿ ಎಂದು ಇನ್ನೊಬ್ಬಳು. ತನ್ನ ತಮ್ಮ ಮೊನ್ನೆ ಗಂಗಾವತಿಯಿಂದ ಬಂದವನು ದಾಟಿದನೆಂದು ಯಂಕಮ್ಮ ಆಣೆ ಮಾಡಿದಳು. ನನ್ನನ್ನು ಕೇಳಿದರು. ನಾನು ಯಾರನ್ನು ದಾಟಿಸಿದ್ದೆನೋ ನನಗೇ ತಿಳಿಯದು. ಆಚಾರ್ರು ನನ್ನ ಕಡೆ ಬಾಗಿ, "ತಿಳೀಲಿಲ್ಲ ಅಂತ ಯಾರೂ ಅನವಲ್ರಲ್ರೀ" ಎಂದರು.

ಅಕ್ಕ ಈ ಸಲ ಕಂಬದ ಹಿಂದೆ ಇರಲಿಲ್ಲ. ಹೆಂಗಸರ ನಡುವೆ, ಕಾಲು ಚಾಚಿ, ಸೆರಗನ್ನು ಬಾಯಿಂದ ತೆಗೆದು ಕೂತಿದ್ದಳು. ಮುಖ ಬೆವೆತಿತ್ತು. ಯಂಕಮ್ಮ ಅವಳನ್ನು ತಿವಿದು, "ನೀ ಹೇಳ ಗಂಗಕ್ಕ, ದಾಟಿದ್ದು ಯಾರು?" ಎಂದಳು. ಎಲ್ಲರೂ ಸುಮ್ಮನಾದರು. ಅವಳ ದನಿ ಕೇಳಬೇಕಾದರೆ ಓಣಿಯೇ ಸುಮ್ಮನಾಗಬೇಕು.

"ನನ್ನ ಏನ್ ಕೇಳ್ತೀಯ? ನಾ ಸೊಲ್ಲಿನಾಕಿ" ಎಂದಳು ಅಕ್ಕ.

ನಾನು ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತೆ. ಏನೋ ಕೇಳಬೇಕೆಂದು ಬಾಯಿ ತೆರೆದವನು, ಆ ದಿನದ ಅಭ್ಯಾಸಬಲದಿಂದ, ಸುಮ್ಮನಾದೆ. ಅವಳೇ ನನ್ನ ಕಿವಿ ಹಿಡಿದು ಬಾಯಿಯ ಹತ್ತಿರ ಎಳೆದುಕೊಂಡಳು. "ಇಷ್ಟು ವರ್ಷ ಮುಂದ ಹಾಡಿ ಹಾಡಿ, ಸೊಲ್ಲು ಅನ್ನೋದು ಇಷ್ಟು ಆರಾಮ ಅಂತ ಗೊತ್ತ ಆಗಿದ್ದಿಲ್ಲ ನೋಡೋ ತಮ್ಮಾ. ಇದಕ್ಕ ದನಿ ಇರಲೇಬೇಕು ಅಂತಿಲ್ಲ. ಎಲ್ಲಾರ ದನಿ ಐತಿ, ನಾ ಅದರಾಗ ಕುಂತುಬಿಟ್ಟೆ." ನನಗೆ ಕಣ್ಣು ತುಂಬಿ ಬಂತು. ಅವಳು ನನ್ನ ಮೊಣಕಾಲಿಗೆ ಒಂದು ಏಟು ಕೊಟ್ಟಳು. "ಮೂರನೇ ನುಡಿ ಎಳದಿ. ಮುಂದಿನ ಸರ್ತಿ ಸರಿ ಊದು."

ಮುಂದಿನ ಸರ್ತಿ ಬಂದಿದೆ. ಇವತ್ತು ನಾವು ಸಂಡೂರಿನ ಆಚೆ ಯಶವಂತನಗರಕ್ಕೆ ಹೊರಟಿದ್ದೇವೆ. ಅಲ್ಲಿಯ ಗಣಿಯಲ್ಲಿ ದುಡಿಯುವವರ ಮನೆಯ ಮದುವೆಗೆ, ಕಂಪ್ಲಿಯ ನೆಂಟರಿಂದ ಸುದ್ದಿ ಕೇಳಿ, ಬರೀ ನೀಲವ್ವನನ್ನು ಊದಲು ಕರೆದಿದ್ದಾರೆ. ಕೆಂಪು ಧೂಳಿನ ಊರು; ನಾಟಿ ಇಲ್ಲ, ಸೊಲ್ಲು ಬಲ್ಲವರಿಲ್ಲ. ನಾವು ಖಾಲಿ ಬಿಟ್ಟು ನಿಂತರೆ ಯಾರು ಎತ್ತಿಕೊಳ್ಳುತ್ತಾರೆ ಎಂದು ನಾಲ್ಕು ದಿನದಿಂದ ನನಗೆ ಊಟ ರುಚಿಸಿಲ್ಲ. ಹೊಸಪೇಟೆಯ ಬಸ್ ನಿಲ್ದಾಣಕ್ಕೆ ಬಂದರೆ, ಹುಸೇನಪ್ಪನ ಪಕ್ಕದ ಕಲ್ಲಿನ ಬೆಂಚಿನ ಮೇಲೆ ಅಕ್ಕ ಕೂತಿದ್ದಾಳೆ. ಜೊತೆಗೆ ಯಂಕಮ್ಮ, ಇನ್ನಿಬ್ಬರು ಹೆಂಗಸರು, ಒಂದು ಬುತ್ತಿಯ ಗಂಟು. ಮೊದಲ ಬಸ್ಸಿಗೇ ಕಂಪ್ಲಿ ಬಿಟ್ಟಿರಬೇಕು. ಒಳಮನೆ ಬಿಟ್ಟು ಹೊರಗೆ ಬಾರದಿದ್ದವಳು, ಇಷ್ಟು ದೊಡ್ಡ ನಿಲ್ದಾಣದ ಗದ್ದಲದಲ್ಲಿ ಕೂತು, ಕೂಗಿದರೂ ಕೇಳದ ಕಡೆ, ಚಹಾದವನಿಗೆ ಬೆರಳು ತೋರಿಸಿ ಸಕ್ಕರೆ ಕಡಿಮೆ ಎಂದು ಹೇಳುತ್ತಿದ್ದಾಳೆ. ಅವನಿಗೆ ತಿಳಿಯಲಿಲ್ಲ. ಮತ್ತೆ ತೋರಿಸಿದಳು. ಈ ಸಲ ತಿಳಿಯಿತು.

ನಾನು ಪಕ್ಕದಲ್ಲಿ ಕೂತು ಕಿವಿ ಕೊಟ್ಟೆ.

"ಮದ್ಲನೇ ನುಡಿಗೆ ಯಾರೂ ಅನ್ನಂಗಿಲ್ಲ, ಹೆದರಬ್ಯಾಡ" ಎಂದಳು. "ಎರಡನೇದಕ್ಕ ನಾವು ಅಂತೀವಿ. ಮೂರನೇದಕ್ಕ ಅವ್ರ ಅಂತಾರ. ನೀ ಅವಸರ ಮಾಡಿ ತುಂಬಾಕ ಹೋಗಬ್ಯಾಡ."

ಸಂಡೂರಿನ ಬಸ್ಸು ಬಂತು. ಸೀಟು ಹಿಡಿಯಲು ಎಲ್ಲರಿಗಿಂತ ಮೊದಲು ಹತ್ತಿದವಳು ಅಕ್ಕ.